ಎಂಟನೇ ತರಗತಿಗೆ ಯಾವ ಸರ್ಕಾರಿ ಶಾಲೆ?

ತಾಲ್ಲೂಕು ಕೇಂದ್ರದಂತಹ ಸಣ್ಣ ಪಟ್ಟಣದ ಪೋಷಕರ ಮುಂದೆ ಸಾಮಾನ್ಯವಾಗಿ ಸರ್ಕಾರಿ ಪ್ರೌಢಶಾಲೆ, ಆದರ್ಶ ವಿದ್ಯಾಲಯ ಮತ್ತು ಕರ್ನಾಟಕ ಪಬ್ಲಿಕ್ ಶಾಲೆ ಎಂಬ ಮೂರು ಆಯ್ಕೆಗಳಿರುತ್ತವೆ. ಆದರ್ಶ ವಿದ್ಯಾಲಯವು ಆಂಗ್ಲ ಮಾಧ್ಯಮದ್ದು. ಆದರೆ ಪ್ರವೇಶ ಪರೀಕ್ಷೆಯ ಮೂಲಕ 6ನೇ ತರಗತಿಗೇ ಮಕ್ಕಳನ್ನು ಆರಿಸಿಕೊಳ್ಳುವುದರಿಂದ, 7ನೇ ತರಗತಿ ಮುಗಿದ ಮೇಲೆ ವಿಚಾರಿಸುವವರಿಗೆ ಅಲ್ಲಿ ಸೀಟು ಸಿಗುವುದು ಕಷ್ಟ. ಅದರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಪ್ರೌಢಶಾಲೆಯ ಫಲಿತಾಂಶದೊಂದಿಗೆ ನೇರವಾಗಿ ತೂಗುವುದು ನ್ಯಾಯವಲ್ಲ.

ಪ್ರೌಢಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆ ಶಿಕ್ಷಕರದ್ದು: ಗಣಿತ, ವಿಜ್ಞಾನ ಮತ್ತು ಇಂಗ್ಲಿಷ್ ಹುದ್ದೆಗಳು ಭರ್ತಿಯಾಗಿವೆಯೇ, ಅತಿಥಿ ಶಿಕ್ಷಕರಾದರೆ ಜೂನ್‌ನಲ್ಲೇ ಬರುತ್ತಾರೆಯೇ? ಒಂಬತ್ತನೇ ತರಗತಿಯ ಒಂದು ಪ್ರಯೋಗ ಪುಸ್ತಕವನ್ನು ತೆರೆದು, ದಿನಾಂಕಗಳೂ ಶಿಕ್ಷಕರ ಸಹಿಯೂ ಕ್ರಮವಾಗಿವೆಯೇ ಎಂದು ನೋಡಿದರೆ, ಪ್ರಯೋಗಾಲಯದ ಬೀಗ ತೆಗೆಯುತ್ತಾರೋ ಇಲ್ಲವೋ ತಿಳಿಯುತ್ತದೆ. ಗೋಡೆಯ ಬಣ್ಣಕ್ಕಿಂತ ನಾನು ಇದನ್ನೇ ನಂಬುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಚೆನ್ನಾದ ಶಿಕ್ಷಕರಿರುವ ಇಂತಹ ಶಾಲೆಯೇ ನನ್ನ ಮೊದಲ ಆಯ್ಕೆ.

ಪಬ್ಲಿಕ್ ಶಾಲೆಯ ಅನುಕೂಲವೆಂದರೆ ದ್ವಿತೀಯ ಪಿಯುಸಿವರೆಗೂ ಒಂದೇ ಆವರಣ. ಆದರೂ ಅಲ್ಲಿ ಮಗುವಿಗೆ ಬೇಕಾದ ವಿಭಾಗ, ವಿಶೇಷವಾಗಿ ವಿಜ್ಞಾನ, ಇದೆಯೇ ಎಂಬುದನ್ನು ಸೇರಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಶಾಲೆ ಊರ ಹೊರಗಿದ್ದರೆ ಸಂಜೆಯ ಬಸ್ಸಿನ ವೇಳೆಯನ್ನೂ ವಿಚಾರಿಸಿ.