ಶಾಲೆಯ ಮೀಟಿಂಗಿನಲ್ಲಿ ಸಹಿ ಹಾಕುವ ಮೊದಲು ಇದನ್ನು ಓದಿ

ಮಂಗಳೂರು ಕಡೆಯ ಪೋಷಕರೇ, ಅದರಲ್ಲೂ ಮಕ್ಕಳನ್ನು ಕಾನ್ವೆಂಟಿಗೆ ಹಾಕಿರುವವರೇ, ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ದೂರಿನ ವಿಷಯಕ್ಕೆ ಶಾಲೆಯವರು ಮೀಟಿಂಗಿಗೆ ಕರೆದು, "ಬಂದದ್ದಕ್ಕೆ ಒಂದು ಸೈನ್ ಹಾಕಿ, ಅಷ್ಟೇ" ಎಂದರೆ ಹಾಕಬೇಡಿ. ಸಹಿಯ ಮೇಲೆ ಏನು ಬರೆದಿದೆ ನೋಡಿ. ಏನೂ ಬರೆದಿಲ್ಲ ಅಂದರೆ ಪೆನ್ನೇ ಮುಟ್ಟಬೇಡಿ.

ಶಾಲೆಯ ಹೆಸರು ಹೇಳುವುದಿಲ್ಲ. ಮಗ ಇನ್ನೂ ಅಲ್ಲೇ ಓದುತ್ತಿದ್ದಾನೆ. ಸಿಸ್ಟರುಗಳು ನಡೆಸುವ, ಅನುದಾನ ಇಲ್ಲದ, ಸ್ಟೇಟ್ ಸಿಲೆಬಸ್ಸಿನ ಇಂಗ್ಲಿಷ್ ಮೀಡಿಯಂ ಶಾಲೆ, ಅಷ್ಟು ಸಾಕು. ನಾವೂ ಕ್ಯಾಥೊಲಿಕರೇ. ಹೊಟ್ಟೆ ಜಾಸ್ತಿ ಉರಿಯುವುದು ಅದಕ್ಕೇ.

ಆದದ್ದು ಇಷ್ಟು. ಡಿಸಿ ಮಳೆಗೆ ರಜೆ ಕೊಟ್ಟಿದ್ದರು, ಅದರ ಮರುದಿನ. ಏಳನೇ ಕ್ಲಾಸಿನ ನನ್ನ ಮಗ ಮನೆಗೆ ಬಂದವನು ಒದ್ದೆ ಸಾಕ್ಸ್ ಬಿಚ್ಚಲು ಒಪ್ಪಲಿಲ್ಲ. ಬೈದು ಬಿಚ್ಚಿಸಿದೆ. ಮೀನಖಂಡದಲ್ಲಿ ಬಾಸುಂಡೆ. ಒಂದರ ಪಕ್ಕ ಒಂದು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಪಿ.ಟಿ. ಮಾಸ್ಟರು ಬೆತ್ತದಲ್ಲಿ ಹೊಡೆದದ್ದು. ಕಾರಣ ಕೇಳಿದರೆ ನೀವು ನಗುತ್ತೀರಿ. ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿರಲಿಲ್ಲ. ಶೂ ಒಣಗಿರಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕ್ಯಾನ್ವಾಸ್ ಶೂ ಒಣಗುತ್ತದಾ ಮಾರಾಯ್ರೆ? ಫ್ರಿಜ್ಜಿನ ಹಿಂದೆ ಇಟ್ಟರೂ ಒಣಗುವುದಿಲ್ಲ.

ಹೊಡೆತ ತಿಂದವನು ನನ್ನ ಮಗ ಒಬ್ಬನೇ ಅಲ್ಲ. ಆ ದಿನ ಸಾಲಾಗಿ ನಿಲ್ಲಿಸಿ ಹೊಡೆದದ್ದು. ಉಳಿದ ತಾಯಂದಿರು ನನಗೆ ಫೋನಿನಲ್ಲಿ ಹೇಳಿದರು, ಶಾಲೆಗೆ ಹೋಗಿ ಹೇಳಲಿಲ್ಲ. ಅವರ ಮೇಲೆ ಸಿಟ್ಟಿಲ್ಲ. ಯಾಕೆ ಹೇಳಲಿಲ್ಲ ಅಂತ ಈಗ ಚೆನ್ನಾಗಿ ಅರ್ಥ ಆಗುತ್ತಿದೆ.

ಹೆಡ್ ಮಿಸ್ ಸಿಸ್ಟರ್ ಹತ್ತಿರ ಹೋದೆ. ಅವರ ಮೊದಲ ಮಾತು, "ಇವನ ಪಪ್ಪ ಎಲ್ಲಿ?" ಕುವೈಟಿನಲ್ಲಿ ಎಂದೆ. "ಅವರು ಊರಿಗೆ ಬರಲಿ, ಆಗ ಕೂತು ಮಾತಾಡುವ." ಗಂಡ ಬರುವುದು ಕ್ರಿಸ್ಮಸ್ಸಿಗೆ. ಮಗನ ಕಾಲಿನ ಬಾಸುಂಡೆ ಕ್ರಿಸ್ಮಸ್ಸಿನವರೆಗೆ ಕಾಯಬೇಕಂತೆ! ಫೀಸು ಕಟ್ಟುವಾಗ ನಾನು ಸಾಕು, ಯೂನಿಫಾರ್ಮಿಗೆ ನಾನು ಸಾಕು, ಸ್ಕೂಲ್ ಡೇಗೆ ಚಿಕನ್ ರೋಲ್ ಸ್ಟಾಲ್ ಹಾಕಲು ನಾನೇ ಬೇಕು. ದೂರು ಕೊಡಲು ಮಾತ್ರ ಗಂಡಸು ಬರಬೇಕು.

ಆಮೇಲೆ ದೂರು ಬರೆದು ಕೊಟ್ಟೆ. ಬರೆದು ಕೊಟ್ಟ ಕೂಡಲೇ ಮೀಟಿಂಗ್ ಬಂತು.

ಆ ಮೀಟಿಂಗನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮೋಸ ನಡೆದದ್ದು ಅಲ್ಲೇ. ಮೊದಲು ಪ್ರಾರ್ಥನೆ. ಆಮೇಲೆ ಚಹಾ, ಗೋಳಿಬಜೆ. ಹೆಡ್ ಮಿಸ್, ಶಾಲೆಯ ಆಡಳಿತ ನೋಡುವ ಸಂಚಾಲಕಿ ಸಿಸ್ಟರ್, ಪಿಟಿಎಯ (ಪೋಷಕ-ಶಿಕ್ಷಕ ಸಂಘದ) ಇಬ್ಬರು, ಮೂಲೆಯಲ್ಲಿ ಪಿ.ಟಿ. ಮಾಸ್ಟರು. ಆತ ತಲೆ ಎತ್ತಲೇ ಇಲ್ಲ. ಸಂಚಾಲಕಿ ಸಿಸ್ಟರ್ ನನ್ನ ಕೈ ಹಿಡಿದುಕೊಂಡು, "ನಿಮ್ಮ ಮಗ ಅಂದರೆ ನಮ್ಮ ಮಗ ಅಲ್ವಾ? ಕ್ರಮ ಖಂಡಿತ ತಕ್ಕೊಳ್ತೇವೆ, ಸ್ವಲ್ಪ ಸಮಯ ಕೊಡಿ" ಎಂದರು. ಅಷ್ಟು ಮೆದುವಾಗಿ ಹೇಳಿದರು. ನನಗೆ ಅಳು ಬಂತು. ಥ್ಯಾಂಕ್ಸ್ ಬೇರೆ ಹೇಳಿದೆ!

ಏಳುವಾಗ ಉದ್ದನೆಯ ರಿಜಿಸ್ಟರ್ ತಂದಿಟ್ಟರು. ಪುಟದ ಮೇಲ್ಗಡೆ ತಾರೀಕು, ಅದರ ಕೆಳಗೆ "ಹಾಜರಿದ್ದವರು" ಅಂತ ಹೆಸರುಗಳು. ಅಲ್ಲಿಂದ ಕೆಳಗೆ ಖಾಲಿ. ಸಹಿ ಹಾಕಲು ತೋರಿಸಿದ್ದು ಪುಟದ ತೀರಾ ಕೆಳಗೆ. "ಇಲ್ಲಿ ಯಾಕೆ?" ಅಂತ ಕೇಳಿದೆ, ಕೇಳದೆ ಇರಲಿಲ್ಲ. "ಅದು ನಮ್ಮ ಪದ್ಧತಿ, ಬಾಯಮ್ಮ. ಮೀಟಿಂಗಿನ ಮಿನಿಟ್ಸ್ ಆಮೇಲೆ ಫೇರ್ ಮಾಡಿ ಬರೀತೇವೆ." ಪಿಟಿಎಯವರೂ ಸಹಿ ಹಾಕಿದರು. ನಾನೂ ಹಾಕಿದೆ.

ಕ್ರಮ ಏನಾಯಿತು ಎಂದು ಕೇಳಲು ಮತ್ತೆ ಹೋದಾಗ ಅದೇ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. "ಇದು ನಿಮ್ಮದೇ ಸಹಿ ಅಲ್ವಾ?"

ಅಲ್ಲಿ ಬರೆದಿದ್ದದ್ದು: ವಿದ್ಯಾರ್ಥಿಯ ಅಶಿಸ್ತಿನ ಬಗ್ಗೆ ತಾಯಿಗೆ ತಿಳುವಳಿಕೆ ಹೇಳಲಾಯಿತು. ಪೋಷಕರು ತೃಪ್ತಿ ವ್ಯಕ್ತಪಡಿಸಿ ದೂರನ್ನು ಹಿಂದಕ್ಕೆ ಪಡೆದರು.

ಅಶಿಸ್ತು! ತಿಳುವಳಿಕೆ! ತೃಪ್ತಿ!

ಕೈ ನಡುಗುತ್ತಿತ್ತು, ಆದರೂ ಪುಟವನ್ನು ಸರಿಯಾಗಿ ನೋಡಿದೆ. ನನ್ನ ಸಹಿ ಕಪ್ಪು ಜೆಲ್ ಪೆನ್ನಿನದ್ದು. ಬರಹ ನೀಲಿ ಬಾಲ್ ಪೆನ್ನಿನದ್ದು. ಮೇಲಿನ ಸಾಲುಗಳು ಅಗಲವಾಗಿ, ಆರಾಮವಾಗಿ ಬರೆದಿವೆ. ಕೆಳಗೆ ಬರುತ್ತಾ ಜಾಗ ಸಾಲದೆ ಅಕ್ಷರ ಸಣ್ಣದಾಗಿ, ಇಕ್ಕಟ್ಟಾಗಿ, ಕೊನೆಯ "ಪಡೆದರು" ನನ್ನ ಸಹಿಯ ಮೊದಲ ಅಕ್ಷರವನ್ನು ಸುತ್ತಿಕೊಂಡು ಹೋಗಿದೆ. ಸಹಿ ಮೊದಲು, ಬರಹ ಆಮೇಲೆ ಅಂತ ಕಣ್ಣಿರುವ ಯಾರಿಗಾದರೂ ಗೊತ್ತಾಗುತ್ತದೆ. ಮೊಬೈಲ್ ತೆಗೆದು ಫೋಟೋ ಹೊಡೆದೆ. ಅವರು ಪುಸ್ತಕ ಮುಚ್ಚುವಷ್ಟರಲ್ಲಿ ಹೊಡೆದಾಗಿತ್ತು.

ಅದಕ್ಕೆ ಸಿಸ್ಟರ್ ಹೇಳಿದ್ದು, "ನೀವು ಓದಿದವರು. ಓದದೆ ಸೈನ್ ಹಾಕ್ತೀರಾ?"

ಖಾಲಿ ಪುಟದಲ್ಲಿ ಏನನ್ನು ಓದುವುದು ಸ್ವಾಮಿ? ಈ ಮಾತು ನೆನಪಾದರೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ. ಬೆತ್ತದ ಏಟಿಗಿಂತ ಈ ಮಾತು ಜಾಸ್ತಿ ಚುಚ್ಚಿತು.

ಇನ್ನು ಟೀಚರ್ ಕಥೆ ಕೇಳಿ. ಮಗನ ಕ್ಲಾಸ್ ಟೀಚರ್ ಆ ದಿನ ಮಕ್ಕಳ ಕಾಲಿಗೆ ಐಸ್ ಇಟ್ಟವರು. ಅಷ್ಟೇ ಅಲ್ಲ, ಹೀಗೆ ಆಗಿದೆ ಎಂದು ಹೆಡ್ ಮಿಸ್‌ಗೆ ಬರೆದು ಕೊಟ್ಟವರು. ಅವರನ್ನು ಆಫೀಸಿಗೆ ಕರೆದು ಬಿಳಿ ಹಾಳೆ ಕೊಟ್ಟು, "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ" ಎಂದು ಹೇಳಿ ಬರೆಸಿಕೊಂಡರು. ಬರೆಯದಿದ್ದರೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಸಿಗುವುದಿಲ್ಲ ಎಂದರಂತೆ. ಎಂಟು ವರ್ಷ ಅಲ್ಲಿ ಪಾಠ ಮಾಡಿದವರು. ಪ್ರತಿ ಜೂನಿಗೆ ಹೊಸ ನೇಮಕ ಪತ್ರ, ಬೇಸಿಗೆ ರಜೆಗೆ ಸಂಬಳ ಇಲ್ಲ. ನಮ್ಮ ಕಡೆ ಇದು ಗೊತ್ತಿರುವ ಸಂಗತಿಯೇ, ಯಾರೂ ಬಾಯಿ ಬಿಡುವುದಿಲ್ಲ.

ರಾಜೀನಾಮೆಯನ್ನೇ ಯಾಕೆ ಬರೆಸಿಕೊಳ್ಳುತ್ತಾರೆ ಗೊತ್ತಾ? ನನಗೂ ಗೊತ್ತಿರಲಿಲ್ಲ, ವಕೀಲರಾಗಿರುವ ಭಾವ ಹೇಳಿದರು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯ ಶಿಕ್ಷಕರನ್ನು ವಿಚಾರಣೆ ಮಾಡದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ತೆಗೆದರೆ ಅವರು 3 ತಿಂಗಳ ಒಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ತಾವಾಗಿಯೇ ಬಿಟ್ಟರು ಅಂತ ಕಾಗದ ಇದ್ದರೆ? ತೆಗೆದೇ ಇಲ್ಲವಲ್ಲ, ಇನ್ನು ಮೇಲ್ಮನವಿ ಯಾವುದರ ಮೇಲೆ! ನನ್ನ ಹತ್ತಿರ ತೃಪ್ತಿ ಬರೆಸಿಕೊಂಡರು, ಟೀಚರ್ ಹತ್ತಿರ ವೈಯಕ್ತಿಕ ಕಾರಣ ಬರೆಸಿಕೊಂಡರು. ಕಾಗದ ನೋಡಿದರೆ ಶಾಲೆಯಲ್ಲಿ ಎಲ್ಲರೂ ಸುಖವಾಗಿದ್ದಾರೆ. ಟೀಚರ್ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸಿಗಬೇಕಾದ ಇಡುಗಂಟು ಕೇಳಿದ್ದಕ್ಕೆ "ಅದು ಫ್ಯಾಕ್ಟರಿಯವರಿಗೆ" ಅಂದರಂತೆ. ಸುಳ್ಳು. ಗ್ರಾಚ್ಯುಯಿಟಿ ಕಾಯ್ದೆಯ 2009ರ ತಿದ್ದುಪಡಿಯಲ್ಲಿ ಶಿಕ್ಷಕರನ್ನೂ ಸೇರಿಸಿ, 1997ರಿಂದಲೇ ಲೆಕ್ಕಕ್ಕೆ ತಂದಿದ್ದಾರೆ. ಖಾಸಗಿ ಶಾಲೆಗಳವರು ಸುಪ್ರೀಂ ಕೋರ್ಟಿಗೆ ಹೋಗಿ 2022ರಲ್ಲಿ ಸೋತಿದ್ದಾರೆ.

ಇಷ್ಟಾದ ಮೇಲೆ ನಾನು ಮೇಲಿನವರನ್ನು ಹಿಡಿಯಲು ಹೊರಟೆ. ಮೇಲಿನವರು ಯಾರು ಅಂತಲೇ ಗೊತ್ತಾಗುವುದಿಲ್ಲ ಇಲ್ಲಿ. ಹೆಡ್ ಮಿಸ್ ಹತ್ತಿರ ಕೇಳಿದರೆ ಸಂಚಾಲಕಿಯನ್ನು ಕೇಳಿ ಅಂತಾರೆ. ಸಂಚಾಲಕಿ ಹತ್ತಿರ ಕೇಳಿದರೆ ಪ್ರೊವಿನ್ಶಿಯಲ್, ಅಂದರೆ ಸಿಸ್ಟರುಗಳ ಸಭೆಯ ಪ್ರಾಂತ್ಯದ ಮುಖ್ಯಸ್ಥೆ. ಪ್ರೊವಿನ್ಶಿಯಲ್ ಹತ್ತಿರ ಹೋದರೆ, "ಶಾಲೆಯ ದಿನನಿತ್ಯದ ವಿಷಯ ಹೆಡ್ ಮಿಸ್ ನೋಡ್ತಾರೆ." ಬಿಷಪರಿಗೆ ಬರೆಯುತ್ತೇನೆ ಎಂದದ್ದಕ್ಕೆ ಸಂಚಾಲಕಿ, "ಬರೆಯಿರಿ, ಇದು ಕಾಂಗ್ರಿಗೇಶನ್ ಶಾಲೆ, ಸಿಸ್ಟರುಗಳ ಸಭೆಯದ್ದು, ಬಿಷಪರಿಗೆ ಸಂಬಂಧ ಇಲ್ಲ" ಎಂದರು. ಸಂಬಂಧ ಉಂಟು. 1983ರ ಚರ್ಚಿನ ಕಾನೂನು ಸಂಹಿತೆಯ 806ನೇ ನಿಯಮ ತೆಗೆದು ನೋಡಿ. ಧರ್ಮಪ್ರಾಂತ್ಯದ (ಬಿಷಪರ ಆಡಳಿತದ ಪ್ರದೇಶದ) ಒಳಗಿನ ಕ್ಯಾಥೊಲಿಕ್ ಶಾಲೆಗಳ ಮೇಲೆ ಕಣ್ಣಿಡುವ, ಭೇಟಿ ಕೊಡುವ ಹಕ್ಕು ಬಿಷಪರಿಗೆ ಇದೆ, ಧಾರ್ಮಿಕ ಸಭೆಗಳು ನಡೆಸುವ ಶಾಲೆಗಳೂ ಅದರಲ್ಲಿ ಸೇರುತ್ತವೆ ಅಂತ ಸ್ಪಷ್ಟವಾಗಿ ಇದೆ. ವ್ರತ ತೆಗೆದುಕೊಂಡವರಿಗೆ ಇದು ಗೊತ್ತಿಲ್ಲವಾ, ಅಥವಾ ನನಗೆ ಗೊತ್ತಿರಲಿಕ್ಕಿಲ್ಲ ಎಂಬ ಧೈರ್ಯವಾ?

ಎಲ್ಲರ ಬಾಯಲ್ಲೂ ಇದ್ದ ಇನ್ನೊಂದು ಮಾತು: "ನಮ್ಮದು ಮೈನಾರಿಟಿ ಶಾಲೆ, ಸರ್ಕಾರದ ರೂಲ್ಸ್ ನಮಗೆ ಬರುವುದಿಲ್ಲ." ಇದನ್ನು ಕೇಳಿಯೇ ಎಷ್ಟೋ ಜನ ವಾಪಸ್ ಬರುತ್ತಾರೆ. ಇದು ಅರ್ಧ ಸತ್ಯ. ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆ ಕೊಡಬಾರದು ಎನ್ನುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಆ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಪ್ರಮತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಅವರ ಪಾಠ ಮುಗಿಯುತ್ತದೆ. ಆ ತೀರ್ಪು ಸರಿಯಾ ಎಂದು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಸಂಶಯ ಎತ್ತಿದ್ದನ್ನು ಅವರು ಹೇಳುವುದಿಲ್ಲ. ಅದು ಹೋಗಲಿ. 2015ರ ಬಾಲನ್ಯಾಯ ಕಾಯ್ದೆ ಇದೆ. ಮಗುವನ್ನು ನೋಡಿಕೊಳ್ಳುವ ಹೊಣೆ ಇದ್ದವರೇ ಹಿಂಸೆ ಕೊಟ್ಟರೆ ಅದರ 75ನೇ ಸೆಕ್ಷನ್ನಿನಲ್ಲಿ ಜೈಲು ಇದೆ. ಯಾವ ಧರ್ಮದವರ ಶಾಲೆ ಅಂತ ಅದು ಕೇಳುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಕೂಡ ಕೇಳುವುದಿಲ್ಲ. ನಮ್ಮದು ಆ ರೀತಿಯ ಪ್ರಕರಣ ಅಲ್ಲ, ಆದರೂ ತಿಳಿದಿರಲಿ: ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಶಿಕ್ಷೆ ಆಗಬಹುದು. ಶಿಕ್ಷಕರ ವಿಷಯವೂ ಅಷ್ಟೇ. ಅನುದಾನ ಇಲ್ಲದ ಅಲ್ಪಸಂಖ್ಯಾತರ ಶಾಲೆಯ ನೌಕರರಿಗೂ ಕಾನೂನಿನ ರಕ್ಷಣೆ ಬೇಕು ಎಂದು 1986ರಲ್ಲೇ ದೆಹಲಿಯ ಫ್ರಾಂಕ್ ಆಂಟನಿ ಶಾಲೆಯ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಸಂವಿಧಾನದ 30ನೇ ವಿಧಿ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಬೆತ್ತ ಬೀಸುವ ಹಕ್ಕು ಅದರ ಯಾವ ಸಾಲಿನಲ್ಲಿದೆ, ತೋರಿಸಲಿ.

ಕೊನೆಗೆ ನಮ್ಮ ಚರ್ಚಿನ ವಾರ್ಡಿನ ಮುಖಂಡರು, ಗುರ್ಕಾರರೇ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅವರ ಬಗ್ಗೆ ನಾನು ಕೆಟ್ಟದು ಹೇಳುವುದಿಲ್ಲ. 1834ರಲ್ಲಿ ಬಾಸೆಲ್ ಮಿಶನ್‌ನವರು ಬಂದದ್ದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು, ಈ ಊರಿಗೆ ಅಕ್ಷರ ಕೊಟ್ಟವರು ಯಾರು ಅಂತೆಲ್ಲ ಹೇಳಿ, "ಇದು ಹೊರಗೆ ಹೋದರೆ ಯಾರಿಗೆ ಲಾಭ ಅಂತ ನಿಮಗೆ ಗೊತ್ತುಂಟಲ್ಲ" ಎಂದರು. ಗೊತ್ತುಂಟು. ಆ ಹೆದರಿಕೆ ಸುಳ್ಳಲ್ಲ ಅಂತಲೂ ಗೊತ್ತುಂಟು. ಈ ಬರಹ ಹಿಡಿದುಕೊಂಡು ಯಾರಾದರೂ ಬಾವುಟ ತಂದು ಗೇಟಿನ ಮುಂದೆ ಕೂಗಿದರೆ ಅವರಿಗೂ ನನಗೂ ಸಂಬಂಧ ಇಲ್ಲ, ಈಗಲೇ ಹೇಳಿದ್ದೇನೆ. ಆದರೆ ಹೊರಗಿನವರ ಹೆದರಿಕೆ ತೋರಿಸಿ ಒಳಗಿನ ಮಕ್ಕಳ ಬಾಯಿ ಎಷ್ಟು ಕಾಲ ಮುಚ್ಚಿಸುತ್ತೀರಿ? ಹೊಡೆದವನನ್ನು ಕೇಳಿ ಎಂದರೆ ನನ್ನನ್ನೇ ಕೇಳಲು ಬರುತ್ತೀರಲ್ಲ!

ಪಿ.ಟಿ. ಮಾಸ್ಟರು ಇನ್ನೂ ಅಲ್ಲೇ ಇದ್ದಾರೆ. ಸ್ಪೋರ್ಟ್ಸ್ ಡೇ ತಯಾರಿ ಜೋರಾಗಿ ನಡೆಯುತ್ತಿದೆಯಂತೆ.

ನಾನು ಮಾಡಿದ್ದು ಹೇಳುತ್ತೇನೆ, ಬೇಕಾದವರು ಮಾಡಿ. ಗಾಯ ಇದ್ದರೆ ಅದೇ ದಿನ ವೆನ್ಲಾಕಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ ಚೀಟಿ ಮಾಡಿಸಿ. ಮೊಬೈಲ್ ಫೋಟೋ ಒಂದೇ ಸಾಲದು. ದೂರನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಶಾಲೆಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಎಂದರೆ ಜಗಳ ಮಾಡಬೇಡಿ, ಪೋಸ್ಟ್ ಆಫೀಸಿಗೆ ಹೋಗಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಒಂದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು. 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಸಿಸ್ಟರ್ ಕೈ ಹಿಡಿದುಕೊಂಡು ಮಾತಾಡಿದರೆ ಹಿಡಿದುಕೊಳ್ಳಲಿ, ಇನ್ನೊಂದು ಕೈಯಲ್ಲಿ ಬರೆದುಕೊಳ್ಳಿ. ಟೀಚರುಗಳಿಗೆ ಒಂದೇ ಮಾತು: ಅವರು ಹೇಳಿಕೊಟ್ಟ ರಾಜೀನಾಮೆ ಬರೆಯಬೇಡಿ. ತೆಗೆಯುವುದಾದರೆ ಅವರೇ ತೆಗೆಯಲಿ, ಕಾಗದದಲ್ಲಿ.

ನಮ್ಮ ಶಾಲೆಯವರೇ ಇದನ್ನು ಓದುತ್ತಿದ್ದರೆ, ನಿಮಗೆ ಗೊತ್ತು ಇದು ಯಾವ ಶಾಲೆ ಅಂತ. ಮರಿಯಮ್ಮನವರ ಹುಟ್ಟಿದ ದಿನದ ಮೊಂತಿ ಹಬ್ಬ ಮುಗಿದ ಮುಂದಿನ ವಾರ ಪಿಟಿಎ ಮಹಾಸಭೆ ಇದೆ. ಆ ರಿಜಿಸ್ಟರಿನ ಪುಟವನ್ನು ನಾನು ದೊಡ್ಡದಾಗಿ ಪ್ರಿಂಟ್ ಹೊಡೆಸಿ ತರುತ್ತೇನೆ. ಆ ದಿನ ಸಾಲಿನಲ್ಲಿ ನಿಂತಿದ್ದ ಮಕ್ಕಳ ತಾಯಂದಿರು ದಯವಿಟ್ಟು ಬನ್ನಿ. ಮಾತಾಡದಿದ್ದರೂ ಪರವಾಗಿಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತರೆ ಸಾಕು.