ಮೂಗು ಕಟ್ಟಿದಾಗ ಹಾಕುವ ಡ್ರಾಪ್ಸ್: ಹಲವು ಮಳೆಗಾಲ ಬಳಸಿದ ಮೇಲೆ

ಮಡಿಕೇರಿಯಲ್ಲಿ ಮಳೆ ಹಿಡಿಯಿತೆಂದರೆ ಗೋಡೆಗೂ ಬೂಷ್ಟು, ಚಪ್ಪಲಿಗೂ ಬೂಷ್ಟು, ನನ್ನ ಮೂಗು ಬಂದ್. ಹಾಗಾಗಿ ಆಕ್ಸಿಮೆಟಾಜೋಲಿನ್ ಡ್ರಾಪ್ಸ್ ನಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಕಂಪನಿ ಬದಲಾಗಬಹುದು, ಒಳಗಿನ ಔಷಧಿ ಅದೇ.

ರಾತ್ರಿ ಊಟ ಮುಗಿಸಿ, ಒಲೆಯ ಮೇಲ್ಗಡೆ ಒಣಗಲು ಹಾಕಿದ ಬಟ್ಟೆ ತಿರುವಿ ಹಾಕುತ್ತೇನೆ. ಆಮೇಲೆ ಬಿಸಿನೀರಿನ ಹಬೆ. ಮೂಗು ಚೆನ್ನಾಗಿ ಸೀಟಿ, ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣಗಿದ್ದರೆ ಹನಿ ಚುರ್ ಅನ್ನುತ್ತದೆ. ಮಂಚದ ಅಂಚಿಗೆ ತಲೆ ಇಳಿಬಿಟ್ಟು ಹನಿ ಹಾಕಿಕೊಂಡರೆ ಕೆಲವೇ ನಿಮಿಷದಲ್ಲಿ ಒಂದು ಹೊಳ್ಳೆ ಬಿಡುತ್ತದೆ, ಹಿಂದೆಯೇ ಇನ್ನೊಂದು. ಒಲೆ ಹೊಗೆಯ ವಾಸನೆ ಮತ್ತೆ ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡು ಬೆಳಗಿನವರೆಗೆ ನಿದ್ದೆ. ಈ ಬೆಲೆಗೆ ಇಷ್ಟು ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಆದರೆ ನನ್ನ ಹೊಗಳಿಕೆ ಮೂರು ದಿನಕ್ಕೆ ಮಾತ್ರ.

ಸೋಮವಾರಪೇಟೆ ಕಡೆ ತೋಟದಲ್ಲಿರುವ ನಮ್ಮ ಮಾವ ಜೋರು ಮಳೆಯ ಆಟಿ ತಿಂಗಳಿನ ನೆಗಡಿಗೆ ಇದನ್ನೇ ತಂದರು. ನೆಗಡಿ ಹೋಯಿತು, ಮೂಗು ಬಿಡಲಿಲ್ಲ. ಮೊದಲು ರಾತ್ರಿಯೆಲ್ಲ ಸಾಕಾಗುತ್ತಿದ್ದ ಹನಿ ಆಮೇಲೆ ಮೂರು ಗಂಟೆಗೂ ಸಾಲದಾಯಿತು. ಜನವರಿಯ ಬಿಸಿಲಲ್ಲಿ ಕಾಫಿ ಕುಯ್ಯಿಸುವಾಗಲೂ ಜೇಬಿನಲ್ಲಿ ಬಾಟಲಿ! ಅಂಗಡಿಯವರು ಕೇಳಿದಾಗಲೆಲ್ಲ ಕೊಟ್ಟರು. ಎಷ್ಟು ದಿನದಿಂದ ಹಾಕ್ತಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ.

ಕೊನೆಗೆ ಇಎನ್‌ಟಿ ಡಾಕ್ಟರ್ ಬಿಡಿಸಿ ಹೇಳಿದರು. ಮೂಗು ಕಟ್ಟುವುದು ಬರೀ ಸಿಂಬಳದಿಂದಲ್ಲ. ಒಳಗಿನ ಮೆತ್ತನೆ ಪೊರೆಯ ರಕ್ತನಾಳಗಳು ಹಿಗ್ಗಿ, ಪೊರೆ ಊದಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಈ ಔಷಧಿ ಆ ನಾಳಗಳನ್ನು ಬಿಗಿ ಮಾಡುತ್ತದೆ. ದಿನಾ ಹಾಕುತ್ತಾ ಹೋದರೆ ನಾಳಗಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಔಷಧಿ ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಊದುತ್ತವೆ. 1990ರ ದಶಕದಲ್ಲಿ ಸ್ವೀಡನ್‌ನ ಪೀಟರ್ ಗ್ರಾಫ್ ಮತ್ತು ಜೊತೆಗಾರರು ಆರೋಗ್ಯವಂತರಿಗೇ ಒಂದು ತಿಂಗಳು ಇದೇ ಔಷಧಿ ಕೊಟ್ಟು ಪೊರೆಯ ಊತವನ್ನು ಅಳೆದರು. ಯಾವ ಕಾಯಿಲೆಯೂ ಇಲ್ಲದ ಮೂಗು ಕೂಡ ಊದಿಕೊಂಡಿತ್ತು. ಅಂದರೆ ಮಾವನ ಮೂಗನ್ನು ಕಟ್ಟಿಸುತ್ತಿದ್ದದ್ದು ಥಂಡಿಯಲ್ಲ, ಹನಿಯೇ.

ಇಷ್ಟು ಮುಖ್ಯ ವಿಷಯ ಅವರ ಡಬ್ಬಿಯ ಮೇಲೆ ಎದ್ದು ಕಾಣುವಂತೆ ಇರಲಿಲ್ಲ. ಒಳಗೆ ಮಡಿಚಿಟ್ಟ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿತ್ತು. ತೋಟದ ಕೆಲಸದವರು ಅದನ್ನು ಹೇಗೆ ಓದಬೇಕು? ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಎರಡು ಸ್ಟಾರ್ ಕಡಿಮೆ ಮಾಡಿದ್ದೇನೆ.

ಮಾವನಿಗೆ ಡಾಕ್ಟರ್ ಹನಿ ನಿಲ್ಲಿಸಿ ಫ್ಲುಟಿಕಾಸೋನ್ ಸ್ಪ್ರೇ ಬರೆದುಕೊಟ್ಟರು. ಅದು ಸ್ಟೀರಾಯ್ಡ್, ಊತವನ್ನೇ ಇಳಿಸುತ್ತದೆ. ಬೆಲೆ ಜಾಸ್ತಿ, ಕೆಲಸ ನಿಧಾನ. ಮೊದಲ ಕೆಲವು ರಾತ್ರಿ ಅವರು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದರು, ಪಾಪ. ಆಮೇಲೆ ಸರಿಹೋಯಿತು.

ನಾನು ಡ್ರಾಪ್ಸ್ ಬಿಟ್ಟಿಲ್ಲ. ಬಾಟಲಿ ತೆರೆದ ದಿನವೇ ಅದರ ಮೇಲೆ ಪೆನ್ನಲ್ಲಿ ತಾರೀಕು ಬರೆಯುತ್ತೇನೆ. ಮೂರನೇ ರಾತ್ರಿ ಮುಗಿದರೆ ಮುಗಿಯಿತು, ಆಮೇಲೆ ಬರೀ ಹಬೆ ಮತ್ತು ಉಪ್ಪುನೀರಿನ ಸ್ಪ್ರೇ. ಬಿಪಿ ಇರುವವರು ಡಾಕ್ಟರನ್ನು ಕೇಳದೆ ಕೊಳ್ಳಬೇಡಿ. ಮಕ್ಕಳಿಗೆ ದೊಡ್ಡವರ ಬಾಟಲಿ ಹಾಕಲೇಬೇಡಿ, ಅವರಿಗೆ ಕಡಿಮೆ ಪ್ರಮಾಣದ್ದು ಬೇರೆಯೇ ಬರುತ್ತದೆ.