ಫಾಸ್ಟ್‌ಟ್ಯಾಗ್ ವರ್ಷದ ಪಾಸ್: ಪುಣೆ-ಧಾರವಾಡ ಎಂಟ್ ಸಲ ಓಡಾಡಿದ್ ಮ್ಯಾಲ

2025ರ ಆಗಸ್ಟ್ 15ಕ್ಕ ಈ ಪಾಸ್ ಶುರು ಆತಲ್ಲ, ಅದೇ ವಾರ ತಗೊಂಡೆ. ಆಗ 3000 ರೂಪಾಯಿ ಇತ್ತು, 200 ಸಲ ಟೋಲ್ ನಾಕಾ ದಾಟಬಹುದು ಇಲ್ಲಾ ಒಂದ್ ವರ್ಷ, ಯಾವ್ದು ಮೊದ್ಲ ಮುಗಿತೈತೋ ಅದು. ನಾವಿರೋದು ಕಾತ್ರಜ್ ಕಡೆ, ಅಪ್ಪ ಅವ್ವ ಧಾರವಾಡದಾಗ, ಹಿಂಗಾಗಿ ಹೆಚ್ಚೂಕಡಿಮಿ ತಿಂಗಳಿಗೊಂದ್ ಚಕ್ಕರ್ ಖಾಯಂ.

ಲೆಕ್ಕಾ ಹೇಳ್ತೀನಿ. ಖೇಡ್ ಶಿವಾಪುರ, ಆನೆವಾಡಿ, ತಾಸವಡೆ, ಕಿಣಿ, ಆಮ್ಯಾಲ ನಮ್ಮ ಕಡೆ ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ, ಒಟ್ಟ ಏಳು. ಹೋಗಿ ಬಂದ್ರ 14. ನಾಕಾಕ್ಕ 15 ರೂಪಾಯಿ ಬಿತ್ತು, ಅಂದ್ರ ಹೋಗಿ ಬರೋದಕ್ಕ 210. ಮೊದಲ ಇಷ್ಟು ರೊಕ್ಕ ಎರಡ್ಮೂರು ನಾಕಾದಾಗ ಖಲಾಸ್ ಆಗ್ತಿತ್ತು. ದಾಟಿದ್ ಕೂಡ್ಲೆ ಎಷ್ಟ್ ಉಳದಾವಂತ ಮೆಸೇಜ್ ಬರ್ತೈತಿ, ನಮ್ಮಾಕಿ ಅದನ್ನ ಕ್ರಿಕೆಟ್ ಸ್ಕೋರ್ ಓದಿದಂಗ ಓದ್ತಾಳ.

ಒಂದ್ ನಾಕಾದಾಗ ಮಾತ್ರ ಸ್ಕ್ಯಾನರ್ ಟ್ಯಾಗ್ ಓದ್ಲೇ ಇಲ್ಲ, ಹುಡುಗ ಕೈ ಮಷೀನ್ ತಂದು ಗಾಡಿ ಗಾಜಿಗೆ ಹಚ್ಚಿ ಹಚ್ಚಿ ತೆಗದ, ಹಿಂದಿನವ್ರು ಹಾರ್ನ್ ಹೊಡ್ದು ಹೊಡ್ದು ತಲಿ ತಿಂದ್ರು, ಮುಂದ ನೋಡಿದ್ರ ಪಾಸಿನ್ಯಾಗೂ ಒಂದ್ ಕಡಿಮಿ, ವಾಲೆಟ್ಟಿನ್ಯಾಗೂ ಟೋಲ್ ಕಟ್! 1033ಕ್ಕ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ, ರೊಕ್ಕ ವಾಪಸ್ ಬಂತು, ಹತ್ತ್ ದಿನಾ ಹಿಡೀತು.

ಇನ್ನ ರಸ್ತಾ. ಸಾತಾರಾ ದಾಟಿ ಕೊಲ್ಹಾಪುರ ತನಕ ಆರು ಲೇನ್ ಮಾಡೋ ಕೆಲಸ, ನಾ ಹ್ವಾದಾಗೆಲ್ಲಾ ಡೈವರ್ಷನ್ ಮ್ಯಾಲ ಡೈವರ್ಷನ್, ಮಳಿಗಾಲದಾಗಂತೂ ಸರ್ವಿಸ್ ರೋಡಿನ ತೆಗ್ಗಿಗೆ ನಮ್ಮವ್ವನ ಸೊಂಟ ಹಿಡ್ಕೊಂಡಿತ್ತು. ಮೊದಲ ಪೂರ್ತಿ ಟೋಲ್ ಕೊಟ್ಟು ಹೊಟ್ಟಿ ತುಂಬ ಬೈತಿದ್ದೆ. ಈಗ 15 ರೂಪಾಯಿ ಕೊಟ್ಟವ ಯಾವ ಬಾಯಿಲೆ ಬೈಬೇಕ್ರಿ? ಬೆಳಗಾವಿ ದಾಟಿದ್ ಮ್ಯಾಲ ಗಾಡಿ ಬೆಣ್ಣಿ ಮ್ಯಾಲ ಹೋದಂಗ. ಇದನ್ನ ಪುಣೆ ಗೆಳ್ಯಾರ ಮುಂದ ಕೊಚ್ಚಿಕೊಳ್ತಿದ್ದೆ, ಒಬ್ಬನ್ನ ಹುಬ್ಬಳ್ಳಿಗೆ ಕರ್ಕೊಂಡ್ ಹ್ವಾದೆ ನೋಡ್ರಿ, ಮರ್ಯಾದಿ ಹೋತು. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ (ಅಂದ್ರ ಜಿಂಕಿ) ಬಸ್ಸಿಗೆ ರಸ್ತಾದ ನಡುವ ಬ್ಯಾರೆ ದಾರಿ, ಅದು ಹೆಸರಿಗೆ ತಕ್ಕಂಗ ಹೋಗ್ತೈತಿ, ಬಾಜೂಕ ನಾವು ಆಮಿಗತೆ, ಊರೊಳಗ ಫ್ಲೈಓವರ್ ಕೆಲಸದ ಧೂಳು. "ನಮ್ಮ ನವಲೆ ಪೂಲ್ ಪಾಡಿತ್ತಪ್ಪಾ" ಅಂದ ಅಂವಾ. ಪುಣೆದ ಆ ನವಲೆ ಬ್ರಿಡ್ಜಿನ ಇಳುಕಲಾಗ ಲಾರಿ ಬ್ರೇಕ್ ಫೇಲ್ ಆದ ಸುದ್ದಿ ಎಷ್ಟ್ ಸಲ ಓದೀವಿ, ಅಂಥಾದ್ದು ಪಾಡಂತ!

ಕರ್ನಾಟಕದಾಗ ಅಗ್ಗ ಅಂತ ಪೆಟ್ರೋಲ್ ಗಡಿ ದಾಟಿ ನಿಪ್ಪಾಣಿ ಕಡೆ ಹಾಕಿಸೋ ಚಟಾ ಐತಿ, ಆದ್ರ 2024ರ ಜೂನಿನ್ಯಾಗ ನಮ್ಮ ಸರ್ಕಾರ ಮೂರು ರೂಪಾಯಿ ಏರಿಸಿದ್ ಮ್ಯಾಲ ಅಂಥಾ ಫರಕ ಉಳಿದಿಲ್ಲ.

ಉಳಿದ ರೊಕ್ಕ ಎಲ್ಲಿ ಹೋಗ್ತೈತಿ ಅಂದ್ರ ಕೊಲ್ಹಾಪುರದ ರಂಕಾಳ ಕೆರಿಗೆ. ಮೊದಲ ಕೊಲ್ಹಾಪುರ ಬೈಪಾಸಿನ್ಯಾಗ ಸೀದಾ ಹೋಗಿಬಿಡ್ತಿದ್ದೆ. ಈಗ ಸಂಜಿಮುಂದ ಒಳಗ ಹೊಕ್ಕು ಕಟ್ಟಿ ಮ್ಯಾಲ ಕುಂತು ಭೇಳ್ ತಿಂತೀವಿ, ಎದುರಿಗೆ ಶಾಲಿನಿ ಪ್ಯಾಲೇಸ್, ದಂಡಿ ನೀರು ಒಮ್ಮೊಮ್ಮೆ ಹಸರಾಗಿರ್ತೈತಿ ಆದ್ರೂ ಮಂದಿ ಸಾಲಾಗಿ ಕುಂತಿರ್ತಾರ. ಅಪ್ಪಗ ಇದು ಒಪ್ಪೂದಿಲ್ಲ, "ಬೇಂದ್ರೆ ಅಜ್ಜನ ಸಾಧನಕೇರಿ ಮನಿ ಬಾಜೂಕ ಬಿಟ್ಟು ಅಲ್ಲೇನ್ ನೋಡ್ತಿ" ಅಂತಾನ.

ಒಂದ್ ಎಚ್ಚರ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇದಾಗ ಈ ಪಾಸ್ ನಡಿಯೂದಿಲ್ಲ. ಠಾಣೆಕ್ಕ ಕಾಕಾನ ಮನಿಗೆ ಹೊಂಟಾಗ ವಾಲೆಟ್ಟಿನ್ಯಾಗ ಬ್ಯಾಲೆನ್ಸ್ ಇಲ್ದ ಬ್ಯಾರಿಯರ್ ಮುಂದ ನಿಂತು ನಾಚಿಕಿ ಆತು. ಸಾವಿರ ರೂಪಾಯಿನಾದ್ರೂ ಹಾಕಿಟ್ಟಿರ್ರಿ.